ಕೇಳಿ ನೋಡೋಣ: ಬಂದೂಕು ಎಲ್ಲಿಟ್ಟಿದ್ದೀರಿ?

ಹೋದ ಸಂಚಿಕೆಯಲ್ಲಿ ಮಂಡ್ಯದ ಓದುಗರೊಬ್ಬರು "ಮನೆಗೊಂದು ಬಂದೂಕು ಇದ್ದರೆ ಒಳ್ಳೇದಲ್ವಾ ಸಾರ್?" ಅಂತ ಕೇಳಿದ್ದರು. ನಾನು "ಒಳ್ಳೇದಲ್ಲ" ಅಂತ ಒಂದೇ ಮಾತು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ಅದಕ್ಕೆ ಬಂದ ಪತ್ರ, ಮೇಲ್, ವಾಟ್ಸಾಪ್ ನೋಡಿದರೆ ಸುಮ್ನೆ ಕೂರುವ ಹಾಗಿಲ್ಲ. ಕೆಲವರು ಬೈದಿದ್ದಾರೆ, ಇನ್ನು ಕೆಲವರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಬೈದೂ ಒಳ್ಳೆ ಪ್ರಶ್ನೆ ಕೇಳಿದವರು ಇಬ್ಬರಿದ್ದಾರೆ, ಅವರನ್ನು ಖಂಡಿತ ಬಿಡೋದಿಲ್ಲ. ಹಾಗಾಗಿ ಈ ಸಲ ಪೂರ್ತಿ ಬಂದೂಕಿನ ವಿಚಾರವೇ. ನಾನು ಸರ್ಕಾರಿ ನೌಕರಿಯಲ್ಲಿದ್ದಾಗ ಹತ್ತಾರು ವರ್ಷ ಬಂದೂಕಿನ ಲೈಸೆನ್ಸ್ ಫೈಲು ತಿರುವಿದವನು, ವಕೀಲನಲ್ಲ. ಇದನ್ನು ನೆನಪಿಟ್ಟುಕೊಂಡು ಓದಿ.

ಮೂರು ಎಕರೆ ಕಬ್ಬು ಹಾಕಿದ್ದೀನಿ. ವಾರಕ್ಕೆರಡು ದಿನ ಕಾಡುಹಂದಿ ನುಗ್ಗಿ ಬುಡ ಮೇಲು ಮಾಡಿ ಹೋಗ್ತವೆ. ಬಂದೂಕಿಗೆ ಅರ್ಜಿ ಹಾಕೋಣ ಅಂದರೆ ನೂರೆಂಟು ಕಾಗದ ಕೇಳ್ತಾರೆ. ಊಟ ಹಾಕೋ ರೈತನಿಗೆ ಬೆಳೆ ಕಾಯೋ ಹಕ್ಕಿಲ್ವಾ? ನೀವು ಪೇಟೆಯಲ್ಲಿ ಕೂತು "ಒಳ್ಳೇದಲ್ಲ" ಅನ್ನೋದು ಸುಲಭ.
(ಒಬ್ಬ ರೈತ, ಮಳವಳ್ಳಿ ತಾಲ್ಲೂಕು)

ಬೈದು ಒಳ್ಳೆ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲನೆಯವರು ಯಜಮಾನ್ರೇ. ನನ್ನ ಭಾವಮೈದ ಈಗಲೂ ಕಬ್ಬು ಬೆಳೀತಾನೆ. ರಾತ್ರಿ ಅಟ್ಟಣೆ ಮೇಲೆ ಕೂತು ಎಣ್ಣೆ ಡಬ್ಬ ಬಡಿದೂ ಬಡಿದೂ ಕೈ ಸೋತವನನ್ನು ನೋಡಿದ್ದೀನಿ. ಹಂದಿ ಕಬ್ಬು ತಿನ್ನೋದು ಒಂದು ಪಾಲು, ತುಳಿದು ಮಲಗಿಸೋದು ಮೂರು ಪಾಲು. ಆ ಹೊಟ್ಟೆಯುರಿ ನನಗೆ ಗೊತ್ತು.

ಕಾನೂನು ನಿಮ್ಮನ್ನು ಪೂರ್ತಿ ಮರೆತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ಕಾಯೋದಕ್ಕೆ ಅಂತಲೇ ಮಾತಿದೆ. ನಳಿಕೆಯ ಬಾಯಿಂದ ಮದ್ದು, ಚರೆ ತುಂಬುವ ಹಳೇ ಮಾದರಿ ಕೋವಿ ಇದೆಯಲ್ಲ, ಅದನ್ನು ನಿಜವಾಗಿ ಬೆಳೆ ರಕ್ಷಣೆಗೆ ಕೇಳಿದರೆ ಲೈಸೆನ್ಸ್ ಕೊಡಬೇಕು ಅಂತ ಅದು ಹೇಳುತ್ತದೆ. ಕೊಡದಿರಲು ಅಧಿಕಾರಿಗೆ ಕಾರಣ ಬೇಕು, ಆ ಕಾರಣವನ್ನು ಸಾಮಾನ್ಯವಾಗಿ ಬರೆದೂ ಕೊಡಬೇಕು, ನೀವು ಮೇಲ್ಮನವಿಗೂ ಹೋಗಬಹುದು. ಅರ್ಜಿ ಜಿಲ್ಲಾಧಿಕಾರಿಗೆ. ಪಹಣಿ ಇಡಿ, ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಹಿಂದೆ ಕೊಟ್ಟ ಅರ್ಜಿಗಳ ನಕಲು ಇದ್ದರೆ ಅದನ್ನೂ ಇಡಿ. ಅದು ಇರೋ ಫೈಲಿಗೂ ಇಲ್ಲದ ಫೈಲಿಗೂ ಬಹಳ ವ್ಯತ್ಯಾಸ ಆಗೋದನ್ನು ನಾನೇ ಕಂಡಿದ್ದೀನಿ. ಆಮೇಲೆ ಪೊಲೀಸ್ ವರದಿ, ಬಂದೂಕು ಹಿಡಿಯೋದು ಗೊತ್ತು ಅನ್ನೋದಕ್ಕೆ ತರಬೇತಿಯ ಪ್ರಮಾಣಪತ್ರ.

ಈಗ ಕಹಿ ಮಾತು. ಬಂದೂಕಿನ ಲೈಸೆನ್ಸ್ ಅಂದರೆ ಹಂದಿ ಹೊಡೆಯೋ ಲೈಸೆನ್ಸ್ ಅಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಹೊಡೆದರೆ ಕೇಸು ನಿಮ್ಮ ಮೇಲೇ. ಹಾಗಾದರೆ ಬಂದೂಕು ಯಾಕೆ ಅಂದರೆ, ಸದ್ದಿಗೆ. ಬರೀ ಸದ್ದಿಗೆ ಗರ್ನಾಲು ಸಾಲದಾ ಅಂತ ನೀವು ಕೇಳಿದರೆ ನಾನು ತಲೆಯಾಡಿಸುತ್ತೀನಿ. ಸೋಲಾರ್ ಬೇಲಿ ಇದಕ್ಕಿಂತ ವಾಸಿ. ಆದರೆ ಕೈ ಮುಗಿದು ಹೇಳ್ತೀನಿ, ಬೇಲಿ ತಂತಿಗೆ ಕಂಬದಿಂದ ನೇರ ಕರೆಂಟ್ ಎಳೀಬೇಡಿ, ಸಿಡಿಮದ್ದು ಇಡಬೇಡಿ. ಹಂದಿಗೆ ಇಟ್ಟಿದ್ದು ಬೆಳಗ್ಗೆ ನೀರು ಕಟ್ಟೋಕೆ ಬಂದ ಪಕ್ಕದ ಗದ್ದೆಯವನನ್ನು ತಗೊಂಡು ಹೋಗುತ್ತದೆ.

ನಮ್ಮಣ್ಣ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು, ನಮ್ಮಲ್ಲಿ ಸರ್ಕಾರದ ಕೃಪೆ, ಅದಕ್ಕೇ ನಾವು ಇನ್ನೂ ಪ್ರಜೆಗಳು ಅಂತಾನೆ. ನಮ್ಮವರು ಆ ಹಕ್ಕು ಯಾಕೆ ಕೊಡಲಿಲ್ಲ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು)

ತಮ್ಮಾ, ನಿಮ್ಮಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಬಂದಿದ್ದು 1791ರಲ್ಲಿ. ಇಂಗ್ಲಿಷಿನಲ್ಲಿ ಬರೀ 27 ಪದ. ಅದರ ಮೊದಲರ್ಧ ಶಿಸ್ತಿನ ನಾಗರಿಕ ಪಡೆ ನಾಡಿನ ರಕ್ಷಣೆಗೆ ಬೇಕು ಅನ್ನುತ್ತೆ, ಉಳಿದರ್ಧ ಜನ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಮುಟ್ಟಬಾರದು ಅನ್ನುತ್ತೆ. ಮೊದಲರ್ಧ ಮುಖ್ಯವೋ ಎರಡನೆಯದೋ ಅಂತ ಅವರು ಇನ್ನೂರು ವರ್ಷ ಗುದ್ದಾಡಿದರು. 2008ರಲ್ಲಿ ಹೆಲ್ಲರ್ ಅನ್ನೋ ಕೇಸಿನಲ್ಲಿ ಅವರ ಸುಪ್ರೀಂ ಕೋರ್ಟು, ಅದೂ ಐದಕ್ಕೆ ನಾಲ್ಕು ಮತದಲ್ಲಿ, ಪಡೆಗೂ ಇದಕ್ಕೂ ಸಂಬಂಧ ಇಲ್ಲ, ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳೋದು ಒಬ್ಬೊಬ್ಬರ ಹಕ್ಕು ಅಂತ ಹೇಳಿತು. ಅಂದರೆ ನಿಮ್ಮಣ್ಣ ಅಷ್ಟು ಗಟ್ಟಿಯಾಗಿ ಹೇಳೋ ತೀರ್ಪಿಗೆ ಇನ್ನೂ ಇಪ್ಪತ್ತು ವರ್ಷವೂ ತುಂಬಿಲ್ಲ. ಆ ಹಕ್ಕಿಗೂ ಬೇಲಿ ಇದೆ. ಹೆಂಡತಿಗೋ ಜೊತೆಗಿರುವವರಿಗೋ ಅಪಾಯ ಮಾಡ್ತಾನೆ ಅಂತ ಕೋರ್ಟು ತಡೆ ಹಾಕಿದ ಮನುಷ್ಯನ ಬಂದೂಕು ಕಸಿಯಬಹುದು ಅಂತ ಅದೇ ಸುಪ್ರೀಂ ಕೋರ್ಟು 2024ರಲ್ಲಿ ಒಪ್ಪಿದೆ, ಅದು ಎಂಟಕ್ಕೆ ಒಂದು.

ನಮ್ಮವರ ಕಥೆ ನಿಮಗೆ ಇಷ್ಟವಾಗುತ್ತೆ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಬ್ರಿಟಿಷರು ಶಸ್ತ್ರಾಸ್ತ್ರ ಕಾಯ್ದೆ ತಂದು ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡರು, ತಮ್ಮವರಿಗೆ ಮಾತ್ರ ವಿನಾಯಿತಿ ಇಟ್ಟುಕೊಂಡರು. ಆ ಅವಮಾನ ಎಷ್ಟಿತ್ತು ಅಂದರೆ, 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಹೌದು, ಗಾಂಧೀಜಿ ಇದ್ದ ಕಾಂಗ್ರೆಸ್ಸೇ! ಆಮೇಲೆ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಈ ಹಕ್ಕನ್ನು ಸೇರಿಸಿ ಅಂತ ತಿದ್ದುಪಡಿ ತಂದರು. ಮಂಗಳೂರಿನಲ್ಲಿ ಹುಟ್ಟಿದವರು ಅವರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿತ್ತು. ದೇಶ ಒಡೆದು, ಬೀದಿಯಲ್ಲಿ ರಕ್ತ ಹರಿದು ಇನ್ನೂ ಒಂದೂವರೆ ವರ್ಷ ಆಗಿರಲಿಲ್ಲ, ಗಾಂಧೀಜಿ ಪಿಸ್ತೂಲಿಗೆ ಬಲಿಯಾಗಿ ವರ್ಷ ತುಂಬಿರಲಿಲ್ಲ. ಕೊನೆಗೆ ನಮ್ಮ 19ನೇ ವಿಧಿಯಲ್ಲಿ ಆಯುಧದ ಮಾತು ಬಂದಿರೋದು ಒಂದೇ ಕಡೆ: ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. ಅಮೆರಿಕದವರು ಬರೆದದ್ದಕ್ಕೆ ಸರೀ ತಿರುವುಮುರುವು ಅಲ್ವಾ? ನನಗೆ ನಮ್ಮದೇ ಇಷ್ಟ.

ನಿಮ್ಮಣ್ಣನಿಗೆ ಇನ್ನೊಂದು ಲೆಕ್ಕ ಕೊಡಿ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830. ಟಿವಿಯಲ್ಲಿ ಶಾಲೆ, ಮಾಲ್ ಅಂತ ನೋಡ್ತೀವಲ್ಲ, ಇದರಲ್ಲಿ ಅದು ಬಹಳ ಸಣ್ಣ ಪಾಲು. ಅರ್ಧಕ್ಕಿಂತ ಜಾಸ್ತಿ ಜನ ತಮಗೆ ತಾವೇ ಹೊಡೆದುಕೊಂಡವರು. ಕಳ್ಳನಿಗೆ ಅಂತ ತಂದಿಟ್ಟ ಬಂದೂಕು ಕಳ್ಳ ಬರೋ ತನಕ ಸುಮ್ನೆ ಇರೋದಿಲ್ಲ. ಮನೆಯಲ್ಲಿ ಯಾರಿಗೋ ಒಂದು ಕೆಟ್ಟ ರಾತ್ರಿ ಬಂದಾಗಲೂ ಅದು ಅಲ್ಲೇ ಇರುತ್ತೆ.

ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ. ಗಡಿ ದಾಟಿದರೆ ನಮಗೆ ಬೇಕಂತೆ. ಇದ್ಯಾವ ನ್ಯಾಯ?
(ಪಿರಿಯಾಪಟ್ಟಣದಿಂದ)

ಎಲ್ಲರಿಗೂ ಅಲ್ಲ. ಕೊಡವರಿಗೆ ಮತ್ತು ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಮಾತ್ರ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದ ವಿನಾಯಿತಿ ಇದು. 1959ರ ಕಾಯ್ದೆ ಬಂದ ಮೇಲೂ ಮುಂದುವರಿಯಿತು, ಈಗ 2029ರ ಅಕ್ಟೋಬರ್ ಕೊನೆವರೆಗೆ ಇದೆ. ಜಾತಿ ನೋಡಿ ಕೊಡೋದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಕೋರ್ಟು ವಿನಾಯಿತಿಯನ್ನೇ ಎತ್ತಿಹಿಡಿಯಿತು. ಅವರಲ್ಲಿ ಕೋವಿ ಬರೀ ಆಯುಧ ಅಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆ ಮಾಡ್ತಾರೆ, ಮಗು ಹುಟ್ಟಿದಾಗ, ಸಾವಾದಾಗ ಗಾಳಿಯಲ್ಲಿ ಗುಂಡು ಹಾರಿಸ್ತಾರೆ. ಮನೆತನದಲ್ಲಿ ಕೋವಿ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಅನ್ನೋದು ಹುಡುಗರಿಗೆ ಚಿಕ್ಕಂದಿನಲ್ಲೇ ಗೊತ್ತಿರುತ್ತೆ. ಆ ಶಿಸ್ತು ನಮಗೆ ಇದೆ ಅಂತ ಎದೆ ಮುಟ್ಟಿ ಹೇಳ್ತೀರಾ? ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಜಾಗ ಸಿಗದಿದ್ದರೆ ಏನೇನಾಗುತ್ತೆ ಅಂತ ಇಬ್ಬರಿಗೂ ಗೊತ್ತು. ನ್ಯಾಯವೋ ಅಂದರೆ, ಕಾಗದದ ಮೇಲೆ ನಿಮ್ಮ ಮಾತಿಗೆ ತೂಕ ಇದೆ, ಅದನ್ನು ಒಪ್ತೀನಿ.

ಬಂಗಾರದ ಅಂಗಡಿ ಇಟ್ಟಿದ್ದೀನಿ. ಲೈಸೆನ್ಸ್ ಪಿಸ್ತೂಲು ಇದೆ. ಕಾನೂನು ಪಾಲಿಸೋ ನಾವು ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕು. ದರೋಡೆ ಮಾಡೋನು ಯಾವ ಲೈಸೆನ್ಸ್ ತಗೋತಾನೆ? ಕಾನೂನು ಬಿಗಿ ಮಾಡಿದಷ್ಟೂ ಕೈ ಕಟ್ಟಿಹಾಕೋದು ಒಳ್ಳೆಯವರದ್ದೇ. ಇದನ್ನು ನಿಮ್ಮಂಥವರು ಯಾಕೆ ಬರೆಯಲ್ಲ?
(ಒಬ್ಬ ವ್ಯಾಪಾರಿ, ಮೈಸೂರು)

ಬರೀತೀನಿ. ಎರಡನೇ ಬೈಗುಳದವರು ನೀವು, ನಿಮ್ಮ ಮಾತು ಅರ್ಧಕ್ಕಿಂತ ಹೆಚ್ಚು ನಿಜ. 2018ರಲ್ಲಿ ಸ್ಮಾಲ್ ಆರ್ಮ್ಸ್ ಸರ್ವೇ ಅನ್ನೋ ಸಂಸ್ಥೆ ಮಾಡಿದ ಅಂದಾಜಿನ ಪ್ರಕಾರ ಭಾರತದಲ್ಲಿ ಜನರ ಕೈಯಲ್ಲಿರೋ ಬಂದೂಕು ಸುಮಾರು 7 ಕೋಟಿ 10 ಲಕ್ಷ. ಅದರಲ್ಲಿ ಲೈಸೆನ್ಸ್ ಇರೋದು 97 ಲಕ್ಷ. ಉಳಿದದ್ದೆಲ್ಲಾ ನಿಮ್ಮ ಮಾತಿಗೇ ಸಾಕ್ಷಿ. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರಲ್ಲಿ ಕೊಂದದ್ದು ನಾಡಪಿಸ್ತೂಲಿನಿಂದ. ಯಾವ ಲೈಸೆನ್ಸ್ ಕಚೇರಿಯೂ ಅದನ್ನು ತಡೆಯುವಂತಿರಲಿಲ್ಲ. ಬಂದೂಕು ಕಾಣೋದೇ ಅಪರೂಪ ಅನ್ನೋ ಜಪಾನಿನಲ್ಲೂ 2022ರಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಕೊಂದವನು ಪೈಪು ಜೋಡಿಸಿ ತಾನೇ ಕೋವಿ ಮಾಡಿಕೊಂಡಿದ್ದ.

ಆದರೆ ಇದರಿಂದ ಏನು ಅರ್ಥ ಮಾಡಿಕೊಳ್ಳಬೇಕು ಅನ್ನೋದರಲ್ಲಿ ನಾವಿಬ್ಬರೂ ಬೇರೆ. ಕಳ್ಳ ಬೀಗ ಒಡೀತಾನೆ ಅಂತ ಬೀಗ ಹಾಕೋದು ಬಿಡಲ್ಲ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಅನ್ನೋ ಊರಲ್ಲಿ ಒಬ್ಬನೇ 35 ಜನರನ್ನು ಕೊಂದ. ಅಲ್ಲಿನ ಸರ್ಕಾರ ಪಟಪಟ ಹಾರುವ ಬಂದೂಕುಗಳನ್ನು ನಿಷೇಧಿಸಿ, ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆದು ಪುಡಿ ಮಾಡಿತು. ಬೇಟೆಯಾಡೋ ರೈತರು ಅಲ್ಲೂ ಕೂಗಾಡಿದರು. ಕೊಲೆ ನಿಂತುಹೋಗಲಿಲ್ಲ, ಆದರೆ ಗುಂಡಿನ ಸಾವು ಕಡಿಮೆಯಾಯಿತು, ಮುಂದೆ ಎಷ್ಟೋ ವರ್ಷ ಅಂಥ ಹತ್ಯಾಕಾಂಡ ಆಗಲಿಲ್ಲ. ಇನ್ನು ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಂದ 2019ರ ತಿದ್ದುಪಡಿ ಬರೀ ನಿಮ್ಮ ಕೈ ಕಟ್ಟಿಲ್ಲ. ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಅಂತ ಮಾಡಿದ್ದು ಹೌದು. ಹಾಗೇ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿಸಿತು, ಕಳ್ಳ ಬಂದೂಕು ಮಾಡಿ ಮಾರೋನಿಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇಟ್ಟಿತು. ಅದನ್ನು ಜಾರಿ ಮಾಡಿ ಅಂತ ನೀವು ಗಲಾಟೆ ಮಾಡಿ, ನಾನೂ ಜೊತೆಗೆ ಬರ್ತೀನಿ.

ಪಿಸ್ತೂಲು ಇದೆ ಅಂದಿರಲ್ಲ, ಒಂದು ಪ್ರಶ್ನೆ. ಅದು ಗಲ್ಲಾಪೆಟ್ಟಿಗೆ ಕೆಳಗಿನ ಡ್ರಾಯರ್‌ನಲ್ಲಿದೆ, ಬೀಗ ಇಲ್ಲ, ಅಂಗಡಿ ಹುಡುಗರಿಗೆಲ್ಲಾ ಗೊತ್ತು. ಸರೀನಾ? ನಾನು ನೋಡಿದ ಹತ್ತು ವ್ಯಾಪಾರಿಗಳಲ್ಲಿ ಎಂಟು ಜನ ಅಲ್ಲೇ ಇಡ್ತಿದ್ದರು. ಮುಖಕ್ಕೆ ಕಾರದಪುಡಿ ಎರಚಿದವನೆದುರು ಅದು ನಿಮ್ಮ ಕೈಗೆ ಬರೋದಕ್ಕೆ ಮುಂಚೆ ಅವನ ಕೈಗೆ ಬರುತ್ತೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ, ಹಿಂದಿನ ದಂಡ ಸಂಹಿತೆಯಲ್ಲೂ ಇತ್ತು. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಆ ಅಳತೆಯನ್ನು ಎರಡು ಸೆಕೆಂಡಿನಲ್ಲಿ ಮಾಡೋರು ನೀವು, ಎಂಟು ವರ್ಷ ಕೂತು ನೋಡೋದು ಕೋರ್ಟು.

ಮಾವನವರು ತೀರಿಕೊಂಡು ಆರು ವರ್ಷ. ಅವರ ಜೋಡು ನಳಿಕೆ ಬಂದೂಕು ಬೀರುವಿನ ಮೇಲಿದೆ. ಲೈಸೆನ್ಸ್ ಪುಸ್ತಕ ಎಲ್ಲೋ ಇದೆ. ಯಾರೂ ಮುಟ್ಟಲ್ಲ. ಹಾಗೇ ಇಟ್ಟರೆ ತೊಂದರೆ ಇದೆಯಾ? ಕೊಟ್ಟುಬಿಡೋಣ ಅಂದರೆ ಯಜಮಾನರು ಅಪ್ಪನ ನೆನಪು ಅಂತಾರೆ.
(ನಿವೃತ್ತ ಶಿಕ್ಷಕಿ, ಮಂಡ್ಯ)

ಟೀಚರಮ್ಮ, ಬಂದ ಪತ್ರಗಳಲ್ಲೆಲ್ಲಾ ನನ್ನ ನಿದ್ದೆ ಕೆಡಿಸಿದ್ದು ನಿಮ್ಮದು. ತೊಂದರೆ ಇದೆ. ಲೈಸೆನ್ಸ್ ಮನುಷ್ಯನಿಗೆ ಕೊಟ್ಟಿದ್ದು, ಮನೆಗಲ್ಲ. ಅವರು ಹೋದ ಮೇಲೆ ಅದು ಲೈಸೆನ್ಸ್ ಇಲ್ಲದ ಬಂದೂಕೇ. ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರೋ ಬಂದೂಕು ಅಂಗಡಿಗೋ ಒಪ್ಪಿಸಬೇಕು ಅಂತ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಒಪ್ಪಿಸಿದ ತಕ್ಷಣ ಕೈಬಿಟ್ಟು ಹೋಯಿತು ಅಂತಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲ ಮಾರಬಹುದು. ಅಪ್ಪನ ನೆನಪು ಅಂದವರಿಗೆ ಇದನ್ನು ಹೇಳಿ.

ಈಗ ಹೇಗೆ ಕೊಡೋದು ಅನ್ನೋದು. ದಯವಿಟ್ಟು ಅದನ್ನು ಬೆಡ್‌ಶೀಟ್‌ನಲ್ಲಿ ಸುತ್ತಿ ಆಟೋದಲ್ಲಿ ತಗೊಂಡು ಹೋಗಬೇಡಿ. ಹಾಗೆ ತಂದವರನ್ನು ನಾನು ನೋಡಿದ್ದೀನಿ. ಒಬ್ಬರಂತೂ ಬೆಲ್ಲದ ಗೋಣಿಚೀಲದಲ್ಲಿ ನಳಿಕೆ ಮೇಲೆ ಮಾಡಿ ತಂದು ನನ್ನ ಮೇಜಿಗೆ ಒರಗಿಸಿ, "ಒಳಗೆ ಏನೂ ಇಲ್ಲ ಸ್ವಾಮಿ" ಅಂದಿದ್ದರು. ಮಡಚಿ ನೋಡಿದರೆ ಎಡಗಡೆ ನಳಿಕೆಯಲ್ಲಿ ತೋಟಾ, ಅದರ ಹಿತ್ತಾಳೆ ತಳ ಹಸಿರು ಹಿಡಿದು ಕೂತಿತ್ತು. ಮೊದಲು ಪುಸ್ತಕ ಹುಡುಕಿ, ಮರಣ ಪ್ರಮಾಣಪತ್ರದ ನಕಲು ತಗೊಂಡು ಯಜಮಾನರು ಬರಿಗೈಲಿ ಠಾಣೆಗೆ ಹೋಗಲಿ, ಗೊತ್ತಿರೋ ವಕೀಲರಿದ್ದರೆ ಅವರನ್ನೂ ಕರೆದುಕೊಂಡು. ವಿಷಯ ಹೇಳಿ, ಹೇಗೆ ತರಬೇಕು ಅಂತ ಅವರನ್ನೇ ಕೇಳಲಿ. ಕೊಟ್ಟ ಮೇಲೆ ನಂಬರು ಬರೆದ ರಸೀತಿ ಇಲ್ಲದೆ ಬರಬೇಡಿ. ಅಲ್ಲಿತನಕ ನೀವು ಅದನ್ನು ಒರೆಸೋಕೂ ಹೋಗಬೇಡಿ, ಕುದುರೆ ಎಳೆದು ನೋಡೋಕೂ ಹೋಗಬೇಡಿ. ಮೊಮ್ಮಕ್ಕಳು ರಜಕ್ಕೆ ಬರ್ತಾರಾ? ಹಾಗಾದರೆ ನಾಳೆಯೇ ಹೋಗಿ.

ಯಾಕೆ ಇಷ್ಟು ಹೇಳ್ತೀನಿ ಅಂದರೆ, 2025ರ ಫೆಬ್ರುವರಿಯಲ್ಲಿ ನಮ್ಮ ನಾಗಮಂಗಲ ತಾಲ್ಲೂಕಿನಲ್ಲೇ, ಕೋಳಿ ಫಾರಂನಲ್ಲಿ ಇಟ್ಟಿದ್ದ ಬಂದೂಕನ್ನು ಒಬ್ಬ ಹುಡುಗ ಆಟಕ್ಕೆ ತೆಗೆದು, ಗುಂಡು ಹಾರಿ ನಾಲ್ಕು ವರ್ಷದ ಮಗು ಹೋಯಿತು. ಅಲ್ಲಿ ಯಾರೂ ಯಾರಿಗೂ ಶತ್ರು ಅಲ್ಲ. ಕಾನೂನು, ಹಕ್ಕು ಅಂತ ನಾವು ಎಷ್ಟೇ ವಾದ ಮಾಡಲಿ, ನಾನು ಮೊದಲು ಕೇಳೋದು ಅದು ಎಲ್ಲಿದೆ, ಬೀಗ ಇದೆಯಾ, ತೋಟಾ ಬೇರೆ ಕಡೆ ಇದೆಯಾ ಅಂತ.

ಚುನಾವಣೆ ಬಂದಾಗಲೆಲ್ಲಾ ಬಂದೂಕು ಠಾಣೆಗೆ ಕೊಡಿ ಅಂತಾರೆ. ನಾವೇನು ರೌಡಿಗಳಾ?
(ಮದ್ದೂರಿನಿಂದ)

ಅಲ್ಲ. ಆದರೆ ನಮ್ಮ ಜಿಲ್ಲೆಯ ಚುನಾವಣೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ನಿಜವಾದ ಪ್ರಾಣಭಯ ಇದ್ದರೆ ವಿನಾಯಿತಿ ಕೇಳಿ ಅರ್ಜಿ ಕೊಡಿ, ಅದನ್ನು ನೋಡೋಕೆ ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತೆ. ಇಲ್ಲದಿದ್ದರೆ ಕೊಟ್ಟು, ಚೀಟಿ ಕಟ್ಟಿದ್ದನ್ನು ನೋಡಿ, ರಸೀತಿ ತಗೊಂಡು ಬನ್ನಿ.

ಅಕ್ಕನ ಮಗನ ಬೀಗರ ಊಟದಲ್ಲಿ ಮಾವ ಗಾಳಿಯಲ್ಲಿ ಎರಡು ಗುಂಡು ಹಾರಿಸಬೇಕು ಅಂತಿದ್ದಾರೆ. ದಸರೆಯಲ್ಲಿ ಫಿರಂಗಿ ಹಾರಿಸಲ್ವಾ ಅಂತ ವಾದ ಬೇರೆ.
(ಪಾಂಡವಪುರ)

ದಸರೆ ಫಿರಂಗಿಯಲ್ಲಿ ಇರೋದು ಬರೀ ಮದ್ದು, ಗುಂಡಿಲ್ಲ. ಇಪ್ಪತ್ತೊಂದು ಕುಶಾಲತೋಪು ಹಾರಿಸೋ ಸಿಬ್ಬಂದಿ ಎಷ್ಟೋ ದಿನ ಮುಂಚಿನಿಂದ ತಾಲೀಮು ಮಾಡಿರ್ತಾರೆ, ಆನೆ ಕುದುರೆಗೂ ತಾಲೀಮು ಮಾಡಿಸಿರ್ತಾರೆ. ನಿಮ್ಮ ಮಾವನಿಗೆ ಆವತ್ತು ಮಧ್ಯಾಹ್ನ ಬಾಡೂಟದ ಜೊತೆ ಇನ್ನೇನೇನು ಆಗಿರುತ್ತೋ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕು. 2019ರಿಂದ ಇದು ಸಂಭ್ರಮದ ಗುಂಡು ಅಂತ ಪ್ರತ್ಯೇಕ ಅಪರಾಧ: ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಒಂದು ಸರ ಪಟಾಕಿ ಕೊಡಿಸಿ.

ಮಗಳು ಒಲಿಂಪಿಕ್ಸ್ ನೋಡಿ ಶೂಟಿಂಗ್ ಕಲೀತೀನಿ ಅಂತಾಳೆ. ನೀವು ಬಂದೂಕೇ ಬೇಡ ಅಂತೀರಿ.
(ಸರಸ್ವತಿಪುರಂ, ಮೈಸೂರು)

ಕಳಿಸಿ! ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದ ಹುಡುಗಿ. ಹತ್ತು ಮೀಟರ್ ಸ್ಪರ್ಧೆಯ 0.177 ಇಂಚಿನ ಸಾಧಾರಣ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಒಳ್ಳೆ ಕೋಚ್ ಇರೋ ರೇಂಜ್ ಹುಡುಕಿ. ಅಲ್ಲಿ ಮೊದಲ ದಿನ ಗುರಿ ಹೇಳಿಕೊಡಲ್ಲ, ನಳಿಕೆ ಯಾರ ಕಡೆಗೂ ತಿರುಗಿಸಬೇಡ ಅಂತ ಹೇಳಿಕೊಡ್ತಾರೆ. ಅದನ್ನು ಅವಳಿಂದ ನೀವೂ ಕಲೀಬಹುದು.

ಇಷ್ಟೆಲ್ಲಾ ಹೇಳ್ತೀರಲ್ಲ, ನಿಮ್ಮ ಮನೇಲಿ ಬಂದೂಕು ಇಲ್ವಾ?
(ಕೆ.ಆರ್. ಪೇಟೆ)

ಇತ್ತು. ಅಜ್ಜನದು, ಒಂಟಿ ನಳಿಕೆ. ನನಗೆ ಒಂಬತ್ತು ವರ್ಷ ಇದ್ದಾಗ ಆಯುಧಪೂಜೆ ಹಿಂದಿನ ದಿನ ಚಿಕ್ಕಪ್ಪ ಅದನ್ನು ಕೊಟ್ಟಿಗೆ ಮುಂದೆ ಕೂತು ಕೊಬ್ಬರಿ ಎಣ್ಣೆ ಬಟ್ಟೆಯಿಂದ ಒರೆಸ್ತಿದ್ದರು. ಖಾಲಿ ಅಂತಲೇ ಎಲ್ಲರಿಗೂ ಗೊತ್ತು, ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡ್ತಿದ್ದೆ. ಢಮ್ ಅಂತು. ಕೊಟ್ಟಿಗೆ ಹೆಂಚು ನಾಲ್ಕು ಪುಡಿಯಾಗಿ ನಮ್ಮ ತಲೆ ಮೇಲೆ ಬಿತ್ತು, ಎಮ್ಮೆ ಗೂಟ ಕಿತ್ತುಕೊಂಡು ಓಡಿತು, ಎರಡು ದಿನ ಹಾಲು ಕೊಡಲಿಲ್ಲ. ಚಿಕ್ಕಪ್ಪ ಹಬ್ಬ ಮುಗಿಯೋ ತನಕ ಯಾರ ಹತ್ತಿರವೂ ಮಾತಾಡಲಿಲ್ಲ. ಹಬ್ಬದ ಮಾರನೇ ದಿನ ಅಜ್ಜಿ, ಅದು ಈ ಮನೇಲಿದ್ದರೆ ನಾನಿರಲ್ಲ ಅಂದರು, ಅಜ್ಜ ಠಾಣೆಗೆ ಕೊಟ್ಟು ಬಂದರು. ಹೆಂಚು ಬದಲಾಯಿಸಿದ್ದಾಯಿತು, ಆದರೆ ಆ ಜಾಗ ಮಳೆಗಾಲದಲ್ಲಿ ಇವತ್ತಿಗೂ ಸೋರುತ್ತೆ.